ಏಳನೆಯ ಎಳೆ

ಶಿಡ್ಲಘಟ್ಟ, ಬೆಳಿಗ್ಗೆ ಆರೂಕಾಲು.
ಗೂಡಿನ ಮಾರ್ಕೆಟ್ಟಿನ ತಿರುವಿನಲ್ಲಿ ಕಾರು ತಾನೇ ನಿಂತಿದೆ.
ನನ್ನ ಕೈ ತೊಡೆಯ ಮೇಲೆ.
ಸಂಬಳ ಕೊಡುವುದೇ ಅದು ಅಲ್ಲೇ ಇರಲೆಂದು.

ಎದುರಿಗೆ ಬುಡನ್ ಸಾಬರು, ಹೆಗಲಿಗೆ ಜಾಲರಿ ಚೀಲ.
ಪರದೆಯಲ್ಲಿ ಅವರ ಪಾದದಿಂದ ಹೊರಟ ಆರು ಹಸಿರು ಎಳೆ:
ದಾಟಬಹುದು, ಓಡಬಹುದು, ಹಿಂದೆ ಸರಿಯಬಹುದು...
ಒಂದೊಂದಕ್ಕೂ ಶೇಕಡಾ ಇಷ್ಟೆಂದು ಬೆಲೆ,
ಒಳಗೆ ಗೂಡಿನ ಹರಾಜು ನಡೆದಂತೆ.

ಅವರು ಏಳನೆಯದನ್ನು ಹಿಡಿದರು.
ನಿಂತು, ಬಗ್ಗಿ, ನನ್ನ ಕೈಯನ್ನೇ ನೋಡಿದರು,
ಆಮೇಲೆ ತಾನೇ ಅಲುಗುವ ಸ್ಟೀರಿಂಗನ್ನು.
'ಏನಮ್ಮಾ ಇದು, ಗಾಳಿ ಮೆಟ್ಟಿದೆಯಾ?'

ಅವರು ಹೋಗಲೆಂದು ಕಾರು ಕಾಯಿತು.
ಕಾರು ಹೋಗಲೆಂದು ಅವರು.
ಹಿಂದೆ ಹಾಲಿನ ಟೆಂಪೋ ಹಾರ್ನು.
ಅದರ ಎಣಿಕೆಯಲ್ಲಿ ಎಲ್ಲರೂ ಇದ್ದರು, ನಾಯಿ ಕೂಡ;
ತನ್ನನ್ನೂ ಯಾರೋ ನೋಡುತ್ತಾರೆ
ಎಂಬುದೊಂದು ಬಿಟ್ಟು.

ಅಮ್ಮ ಕುದಿನೀರಲ್ಲಿ ಗೂಡು ತಿರುವುತ್ತಾ
ತುದಿ ಹುಡುಕುತ್ತಿದ್ದಳು.
ಸಿಗುವ ತನಕ ಎಳೆಯುತ್ತಿರಲಿಲ್ಲ.
ಬೆರಳು ಮಾತ್ರ ಬೆಂದು ಬಿಳಿಚಿ.

ಕಾರು ಒಂದು ಗೇಣು ಸರಿದು ಮತ್ತೆ ನಿಂತಿತು.
ಸಾಬರು ಗದ್ದ ಎತ್ತಿದರು: ಹೋಗು, ಹೋಗು.
ನನಗೋ, ಅದಕ್ಕೋ?
ಕೈ ಎತ್ತಿ ಸ್ಟೀರಿಂಗ್ ಹಿಡಿದೆ, ದಾಟಿಸಿದೆ.

ಸಂಜೆಯ ವರದಿಯಲ್ಲಿ,
'ಚಾಲಕಿ ಮಧ್ಯೆ ಬಂದದ್ದಕ್ಕೆ ಕಾರಣ' ಎಂಬಲ್ಲಿ
ಬರೆದೆ: ಗದ್ದ.