ಎಣ್ಣಿ ಡಬ್ಬಿ ತಗಡು

ಗೋಕುಲ ರೋಡಿನ ಶೆಡ್ಡಿನಾಗ
ಎರಡ ಸೀಟಿನ ಹಳೇ ಸ್ಪೋರ್ಟ್ಸ್ ಕಾರು ಜ್ಯಾಕಿನ ಮ್ಯಾಲ,
ಅದರ ಹೊಟ್ಟಿ ಕೆಳಗ ಗೋಣಿಚೀಲ ಹಾಸಿ ನಾ.
ಐತವಾರ. ಹತ್ತರ ಪಾನಾ ಎಂದಿನಂಗ ಕಾಣವಲ್ದು.

"ನನ್ನ ಬಳಿಗಿಂತ ಇದರ ನಟ್ಟು ತುಟ್ಟಿ"
ಅಂತ ಚಹಾ ಇಟ್ಟು ಹೋದಳು ನೀಲಾಂಬಿಕಾ.
ಆಕಿಗೆ ಅರ್ಧಾ ರೇಟು ಅಷ್ಟ ಹೇಳೀನಿ.

ಹೊಸಾ ಗೇರ್ ಕಿಟ್ಟು ಪುಣೆಯಿಂದ ಬಂದೈತಿ, ಡಬ್ಬಿ ಒಡದಿಲ್ಲ.
ಮೊದಲ ಹಳೇದು ಬಿಚ್ಚಬೇಕಲ್ಲ?
ತುಕ್ಕು ತಿಂದ ನಟ್ಟಿಗೆ ನಿನ್ನೆ ಡೀಸೆಲ್ ಹಚ್ಚಿದ್ದೆ, ಬೈದಿದ್ದೆ,
ಇವತ್ತ ಎಡಗೈಲೆ ತಿರುಗಿತು
ಏನೂ ಆಗೇ ಇಲ್ಲ ಅನ್ನೂವಂಗ.

ಮುಚ್ಚಳ ತಗದೆ.
ಗೇರಿನ ಬುಡಕ್ಕ ಎಣ್ಣಿ ಡಬ್ಬಿ ತಗಡಿನ ಪಟ್ಟಿ,
ಅಂಚು ಕೈಗೆ ಹರೀಬಾರದಂತ ಮಡಚಿ, ಕಾನಸ ಹೊಡದು,
ತಂತಿ ಬಿಗದಾನ ಯಾವನೋ.
"ಶೇಂಗಾ ಎ" ಅನ್ನೂತನಕ ಓದಾಕ ಬರತೈತಿ,
ಮುಂದಿಂದು ಕತ್ತರಿಗೆ ಹೋಗೇತಿ.

ಕಾಗದಪತ್ರದಾಗ ಇಲ್ಲದ ಮಾಲಕ.
ಹಿಂಗ ಅಂಗಾತ ಮಲಗಿ
ಕಣ್ಣಾಗ ತುಕ್ಕು ಬೀಳಿಸಿಕೊಂಡವ,
ಮುಂದ ಒಬ್ಬಾಂವ ಕೈ ಹಾಕ್ತಾನ ಅಂತ
ಅಂಚು ಮಡಚಿದವ.

ಜಗ್ಗಿ ನೋಡಿದೆ. ಅಲ್ಲಾಡಲಿಲ್ಲ.
ತಂತಿಗೆ ನಂದೂ ಒಂದ ಸುತ್ತು ಹಾಕಿದೆ.

ಪುಣೆ ಡಬ್ಬಿ ವಾಪಸ್ ಕಳಸಾಕ
ಇನ್ನೂ ಮೂರ ದಿನಾ ಐತಿ.