ಲಕ್ಷ

ಆ ರಾತ್ರಿ ಪಾಳಿ ನನ್ನದು. ಕಿಟಕಿಯಾಚೆ ಬಿ.ಎಂ. ರಸ್ತೆಯಲ್ಲಿ
ಮಂಗಳೂರಿನ ಕಡೆಗೆ ಖಾಲಿ ಟ್ಯಾಂಕರುಗಳ ಸಾಲು.
ಈಚೆ, ಮೇಜಿನ ಮೇಲೆ ಹದಿನೇಳು ಬಾಟಲಿ,
ಹೊಟ್ಟೆಗೆ ಹೆಸರು ಅಂಟಿಸಿಕೊಂಡು
ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ.

ಉಚ್ಚೆ ಅಂದರೆ ಮೂಗು ಮುರಿಯುತ್ತೀರಿ.
ಹನ್ನೊಂದು ವರ್ಷದಿಂದ ನನ್ನ ಅನ್ನ ಅದರಲ್ಲೇ ಇದೆ.
ಬಣ್ಣ ನೋಡಿಯೇ ಹೇಳಬಲ್ಲೆ: ಇವರು ನೀರು ಕುಡಿದಿಲ್ಲ,
ಇವರಿಗೆ ಕುಡಿಸುವವರಿಲ್ಲ,
ಇವರು ಬೇಕೆಂದೇ ಕುಡಿಯಲಿಲ್ಲ —
ಪ್ಯಾನು ಹಿಡಿ ಅಂತ ಅಳಿಯನನ್ನು ಹೇಗೆ ಕರೆಯುವುದು?

ತಂತಿಯ ಕುಣಿಕೆ ಕೆಂಪಗೆ ಕಾಯಿಸಿ, ಆರಿಸಿ,
ಅದ್ದಿ, ತಟ್ಟೆಯ ಮೇಲೆ ಎಳೆ ಎಳೆಯುತ್ತೇನೆ,
ಅತ್ತ, ಇತ್ತ, ಹೊಸ್ತಿಲ ಮುಂದಿನ ರಂಗೋಲಿಯಂತೆ.
ಬೆಚ್ಚಗಿನ ಪೆಟ್ಟಿಗೆಯಲ್ಲಿ ಒಂದು ರಾತ್ರಿ ಕಳೆದರೆ
ಯಾರೋ ಬಣ್ಣ ತುಂಬಿರುತ್ತಾರೆ:
ಗುಲಾಬಿ ಚುಕ್ಕಿ, ಹಸಿರು ಚುಕ್ಕಿ,
ಒಮ್ಮೊಮ್ಮೆ ಮೀನಂಗಡಿಯ ವಾಸನೆ.
ಎಣಿಸಬೇಕು. ಲಕ್ಷ ದಾಟಿದರೆ ಸೋಂಕು.

ಕಾಲು ಮುರಿದು ಬಂದವರು, ಹೆರಿಗೆಗೆ ಬಂದವರು,
ಎದೆನೋವಿಗೆ, ಲಕ್ವಕ್ಕೆ ಬಂದವರು.
ಇದಕ್ಕೆಂದೇ ಬಂದವರು ಹದಿನೇಳರಲ್ಲಿ ಮೂವರು.
ಉಳಿದವರಲ್ಲಿ ಎಷ್ಟು ಮಂದಿಗೆ ನಾವೇ ಕೊಟ್ಟೆವೋ,
ರಸೀದಿಯಿಲ್ಲದೆ.

ಏಳನೆಯ ಬಾಟಲಿ. ದ್ಯಾವೀರಮ್ಮ, ಅರವತ್ತೆರಡು, ಮೂಳೆ ವಾರ್ಡು.
ಚೀಟಿಯಲ್ಲಿ ಇಷ್ಟೇ. ಉಳಿದದ್ದು ಆಮೇಲೆ ತಿಳಿದದ್ದು:
ಹಾಸನದ ಆಲೂಗಡ್ಡೆ ಮಂಡಿಯಲ್ಲಿ ಗೆಡ್ಡೆ ಆರಿಸುವ ಕೆಲಸ,
ಲಾರಿಯ ಹಲಗೆ ಜಾರಿ ತೊಡೆ ಮುರಿಯಿತು.
ಆಪರೇಷನ್ನಿಗೆ ಹಾಕಿದ ನಳಿಗೆ
ಮರುದಿನವೇ ತೆಗೆಯಬಹುದಿತ್ತು.
ಮರುದಿನ ಭಾನುವಾರ.
ಸೋಮವಾರ ಒಬ್ಬಳೇ ಸಿಸ್ಟರ್, ನಲವತ್ತು ಮಂಚ.
ಮಂಗಳವಾರ ಆಕೆಯೇ ಅಂದಳಂತೆ,
'ಇರ್ಲಿ ಬುಡಿ, ಯಾರ್ಗೂ ತೊಂದ್ರೆಯಿಲ್ಲ.'
ಹೀಗೆ ಒಂಬತ್ತು ದಿನ.
ಮಂಚದ ಕಂಬಿಗೆ ನೇತ ಚೀಲ
ಗೋಡೆಯ ಕ್ಯಾಲೆಂಡರಿನಷ್ಟು ರೂಢಿಯಾಯಿತು.
ಹತ್ತನೆಯ ದಿನ ಚಳಿ, ನಡುಕ; ಮಾತು ಹಳಿ ತಪ್ಪಿತು.

ಎರಡು ದಿನ ಬಿಟ್ಟು ವರದಿ ಕೊಡಲು ನಾನೇ ಹೋದೆ.
ಸಾಮಾನ್ಯವಾಗಿ ಹೋಗುವುದಿಲ್ಲ.
ಆರು ಮದ್ದು ಇಟ್ಟು ನೋಡಿದ್ದೆ,
ನಾಲ್ಕಕ್ಕೆ ಅವು ಹೆದರಲಿಲ್ಲ. ಅದಕ್ಕೇ ಹೋದೆನೇನೋ.
ಆಕೆ ಕಂಬಳಿಯ ಮೇಲೆ ಇಲ್ಲದ ಗೆಡ್ಡೆ ಆರಿಸುತ್ತಿದ್ದಳು:
"ಇದು ದಪ್ಪ. ಇದು ಗೋಲಿ. ಇದು ಬಿತ್ನೆಗೆ.
ಇದ ತಗ್ದಾಕಮ್ಮಿ, ಒಂದ್ ಕೊಳ್ತಿದ್ರೆ
ಚೀಲಕ್ ಚೀಲ್ವೇ ಹೋಯ್ತದೆ."
ಕೈ ಚಾಚಿ ಒಂದನ್ನು ನನ್ನ ಅಂಗೈಗೆ ಹಾಕಿದಳು.
ಏನೂ ಇರಲಿಲ್ಲ. ಬೆರಳು ಸುಡುತ್ತಿತ್ತು.

ನನ್ನ ಪುಸ್ತಕದಲ್ಲಿ ಬರೆದಿದ್ದೆ: ಲಕ್ಷ.
ಅಲ್ಲೇ ನಿಂತು, ಆ ಅಕ್ಷರದ ಕೆಳಗೊಂದು
ಯ-ಒತ್ತು ಎಳೆದು ನೋಡಿದೆ.
ಅಷ್ಟು ಸಣ್ಣ ಕೊಕ್ಕೆ.
ಒಂಬತ್ತು ದಿನ ಯಾರ ಕೈಗೂ ಸಿಕ್ಕಿರಲಿಲ್ಲ.

ಸಿಸ್ಟರ್ ಪರದೆ ಎಳೆದು ನಳಿಗೆ ತೆಗೆದಳು.
ನಾನು ಕೈ ತೊಳೆದೆ, ಮತ್ತೊಮ್ಮೆ ತೊಳೆದೆ,
ಲೋಟ ಹಿಡಿದು ತುಟಿಗೆ ನೀರು ತಾಗಿಸಿದೆ.
ಅರ್ಧ ಕುಡಿದು, ಮುಖ ಸಿಂಡರಿಸಿ,
"ಸಾರಿಗೆ ಉಪ್ಪು ಸಾಲ್ದು" ಅಂದಳು.