ಹೆಸರೆತ್ತದ ಎಲೆ

ಗುದೇಬಿಯಾದಲ್ಲಿ ಗುರುವಾರ ರಾತ್ರಿ ಹತ್ತೂವರೆಗೆ
ಹಾರಿಸ್ ತನ್ನ ಮೊಬೈಲ್ ರಿಪೇರಿ ಅಂಗಡಿಯ ಶಟರನ್ನು
ಮೊಳದಷ್ಟು ಬಿಟ್ಟು ಕೆಳಗೆಳೆಯುತ್ತಾನೆ.
ರಟ್ಟಿನ ಪೆಟ್ಟಿಗೆ ಬೋರಲು ಹಾಕಿ
ಅದರ ಮೇಲೆ ಎಲೆ ಹಾಸುತ್ತೇವೆ.
ಇಸ್ಪೀಟಲ್ಲ. ಇಲ್ಲಿ ರಾಜನಿಲ್ಲ, ಗುಲಾಮನಿಲ್ಲ;
ಪ್ರತಿ ಎಲೆಯ ಹೊಟ್ಟೆಯಲ್ಲೂ
ಇರುವೆ ಸಾಲಿನ ಹಾಗೆ ಸಣ್ಣಕ್ಷರದ ಕಾನೂನು.

ಕಲಿಸಿದವನು ರೋಡೆಲ್, ಸೆಬು ದ್ವೀಪದವನು,
ನಮ್ಮದೇ ಕಂಪನಿಯಲ್ಲಿ ಏಸಿ ಡಕ್ಟ್ ಬಿಗಿಯುವವನು.
ನಾನು ಸ್ಟೋರಿನಲ್ಲಿ ಬೋಲ್ಟು ಎಣಿಸುವವನು.
ನನ್ನನ್ನವನು ‘ಕುಯಾ’ ಅನ್ನುತ್ತಾನೆ, ಅಣ್ಣ ಅಂತ.
ಸೋಲಿಸುವ ಮುಂಚೆ ತಪ್ಪದೆ ಅನ್ನುತ್ತಾನೆ.
ನನ್ನ ಹೆಲ್ಪರ್ ಟೇಕ್ ಬಹಾದುರನಿಗೆ ಆಟ ಬಾರದು.
ಪಕ್ಕದಲ್ಲಿ ಕೂತು ಖರ್ಜೂರ ತಿಂದು
ಬೀಜಗಳನ್ನು ಒರೆಸಿ ನನಗೆ ಕೊಡುತ್ತಿದ್ದ.
ಕಾಲಾಳುಗಳಿಗೆ ಎಲೆ ಇರುವುದಿಲ್ಲ;
ಒಂದು ಬೀಜ, ಒಬ್ಬ ಕಾಲಾಳು.

ನನ್ನಲ್ಲೊಂದು ಕಲ್ಲಾನೆ ಇತ್ತು.
ಮೆಸ್ಸಿನ ದುಡ್ಡಿಗೆ ಸುಳ್ಳು ಹೇಳಿ ಮೂರು ದಿನಾರಿಗೆ ಕೊಂಡದ್ದು.
ಅದನ್ನು ಯಾರೂ ಬೆರಳಿಟ್ಟು ತೋರಿಸುವಂತಿಲ್ಲ,
ಗುರಿಯಿಟ್ಟ ಮಾಟ ಯಾವುದೂ ತಾಗದು.
ಇನ್ನು ಇದಕ್ಕೆ ಸಾವಿಲ್ಲ ಅಂದುಕೊಂಡೆ.

ರೋಡೆಲ್ ಮೆಲ್ಲಗೆ ಒಂದೆಲೆ ಇಟ್ಟ.
ಅದರಲ್ಲಿ ಯಾರ ಹೆಸರೂ ಇರಲಿಲ್ಲ.
‘ಇರುವುದೆಲ್ಲ ನಾಶವಾಗಲಿ.’ ಅಷ್ಟೇ.
ಜಗಳಕ್ಕೆ ನಿಂತೆ: ನನ್ನಾನೆಯನ್ನು ಮುಟ್ಟುವಂತಿಲ್ಲವಲ್ಲ!
‘ಮುಟ್ಟಲಿಲ್ಲ ಕುಯಾ, ಅದರ ಕಡೆ ನೋಡಲೂ ಇಲ್ಲ.
ಧೂಳು ಬರುವಾಗ ಮನೆ ನಂಬರು ಓದುತ್ತದೆಯೇ?’
ಅವತ್ತು ನಿಜಕ್ಕೂ ಧೂಳಿತ್ತು.
ಶಟರಿನಡಿಯಿಂದ ನುಸುಳಿ
ಗೆದ್ದವನ ಎಲೆಯ ಮೇಲೂ ಕೂತಿತ್ತು.

ಸರಿ, ಕವಚ ಕೊಂಡೆ. ತೊಟ್ಟವರು ನಾಶವಾಗರು.
ಮುಂದಿನ ವಾರ ಅದೇ ಸರ್ವನಾಶ ಬಂತು;
ಎಲ್ಲ ಹೋಯಿತು, ಆನೆ ನಿಂತಿತು.
ಕುಣಿಯಲು ಹೋಗಿ ಹಾರಿಸನ ಚಹಾ ಚೆಲ್ಲಿದೆ.
ಅದರಾಚೆ ವಾರ ರೋಡೆಲ್ ನಾಶ ಮಾಡಲಿಲ್ಲ,
ಎಲ್ಲರ ಬಲದಲ್ಲೂ ಆರಾರು ಕಳೆದ.
ಐದು ಬಲದ ಆನೆ ಇದ್ದಲ್ಲೇ ಇಲ್ಲವಾಯಿತು.
‘ಇದು ನಾಶವಲ್ಲ ಕುಯಾ. ಕಳೆಯುವ ಲೆಕ್ಕ.’
ವರ ಕೇಳಿದವರ ಪಾಡೇ ಇಷ್ಟು:
ಒಳಗೆ ಬೇಡ, ಹೊರಗೆ ಬೇಡ ಅನ್ನುತ್ತಾರೆ,
ಹೊಸ್ತಿಲನ್ನು ಮರೆಯುತ್ತಾರೆ.

ಫೆಬ್ರವರಿಯ ಒಂದು ರಾತ್ರಿ
ಆನೆಗೆ ಎರಡೂ ರಕ್ಷೆ, ಸುತ್ತ ಒಂಬತ್ತು ಬೀಜ.
ರೋಡೆಲ್ ಸರ್ವನಾಶ ಬೀಸಿದ.
ಬೀಜಗಳನ್ನು ಅಂಗೈಯಲ್ಲಿ ಗುಡಿಸಿ ಬುಟ್ಟಿಗೆ ಹಾಕಿದೆ,
ನಗುತ್ತಲೇ ಹಾಕಿದೆ. ಆನೆ ಇತ್ತಲ್ಲ.
ಖಾಲಿ ರಟ್ಟಿನ ನಡುವೆ ಅದೊಂದೇ.
ಆಗ ಅವನಿಟ್ಟದ್ದು ಐವತ್ತು ಫಿಲ್ಸಿನ ಎಲೆ, ಅಂಚು ಹರಿದದ್ದು:
‘ನಿನ್ನವರಲ್ಲಿ ಒಬ್ಬರನ್ನು ನೀನೇ ಆರಿಸಿ ಒಪ್ಪಿಸು.’
ಅದು ಆನೆಗೆ ಗುರಿಯಿಟ್ಟಿರಲಿಲ್ಲ.
ನನಗೆ ಇಟ್ಟಿತ್ತು.
ಬೀಜ ಒಂದಿದ್ದಿದ್ದರೆ ಬೀಜ ಕೊಡುತ್ತಿದ್ದೆ.
ಟೇಕ್ ಬಹಾದುರ್ ಬಾಯಲ್ಲಿದ್ದ ಖರ್ಜೂರ ಬೇಗ ಬೇಗ ಅಗಿದು
ಬೀಜ ಹಿಡಿದು ಕೈ ಚಾಚಿದ.
ಎಲ್ಲರೂ ನಕ್ಕೆವು. ಹೊತ್ತು ಮೀರಿತ್ತು.

ಮಾರ್ಚಿನಲ್ಲಿ ಸಿತ್ರಾದ ಕೆಲಸ ನಿಂತಿತು.
ನೋಟಿಸಿನಲ್ಲಿ ಹೆಸರುಗಳಿರಲಿಲ್ಲ, ಸೈಟಿನ ನಂಬರು ಮಾತ್ರ;
ನಲವತ್ತೊಂದು ಮಂದಿ ಅದರೊಳಗಿದ್ದರು.
ರೋಡೆಲ್ ಆ ವಾರ ಬೇರೆ ಸೈಟಿನಲ್ಲಿದ್ದ.
ಸಂಜೆ ಮ್ಯಾನೇಜರ್ ಸ್ಟೋರಿಗೆ ಬಂದು
ಬಿಳಿ ಹಾಳೆಯನ್ನೂ ತನ್ನದೇ ಪೆನ್ನನ್ನೂ ಮೇಜಿನ ಮೇಲಿಟ್ಟ:
‘ಸ್ಟೋರಿಗೆ ಒಬ್ಬರು ಸಾಕು. ಇನ್ನೊಂದು ಹೆಸರು ನೀವೇ ಬರೆದುಕೊಡಿ.’

ನಾವಿದ್ದದ್ದು ಇಬ್ಬರೇ.

ಈಗಲೂ ಗುರುವಾರ ಆಡುತ್ತೇವೆ.
ರೋಡೆಲ್ ಎಲೆ ಹಂಚುತ್ತಾನೆ, ಹಾರಿಸ್ ಚಹಾ ತರಿಸುತ್ತಾನೆ.
ಕಾಲಾಳುಗಳಿಗೆ ಬೋಲ್ಟು ಇಡುತ್ತೇನೆ,
ಸ್ಟೋರಿನದು, ಎಂಟು ಮಿಲಿಮೀಟರಿನವು.
ಎಣಿಸಿ ತಂದು, ಎಣಿಸಿ ವಾಪಸಿಡುತ್ತೇನೆ.